ಟ್ರ್ಯಾಕ್‌ಗೆ ಹೋಗಿಬಂದಾಗಲೆಲ್ಲ ಸಸ್ಪೆನ್ಷನ್ ನಟ್ ಲೂಸ್ ಆಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಅಣ್ಣಾ, ನಮಸ್ಕಾರ. ನಾನು ಚಿಂತಾಮಣಿಯವನು. ನನ್ನದು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಹೋದ ವರ್ಷ ಕಾಯಿಲೋವರ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಶಾಕ್ ಅಬ್ಸಾರ್ಬರ್ ಜೋಡಿ) ಮತ್ತು ಅಡ್ಜಸ್ಟೇಬಲ್ ಲಿಂಕ್ ರಾಡ್ (ಸಸ್ಪೆನ್ಷನ್ ಭಾಗಗಳನ್ನು ಜೋಡಿಸುವ, ಉದ್ದ ಬದಲಿಸಬಹುದಾದ ಕಂಬಿ) ಹಾಕಿಸಿದೆ. ಶ್ರೀಪೆರಂಬುದೂರು ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಮೂರು ಸಲ ಹೋಗಿಬಂದೆ. ಮೂರು ಸಲವೂ ವಾಪಸ್ ಬರುವಾಗ ಮುಂದಿನ ಎಡಗಡೆಯಿಂದ ಟಕ್ ಟಕ್ ಸದ್ದು. ನೋಡಿದರೆ ಸ್ಪ್ರಿಂಗ್ ಕೂರುವ ಕಾಲರನ್ನು (ಥ್ರೆಡ್ ಇರುವ ಉಂಗುರ) ಹಿಡಿದಿಡುವ ಲಾಕ್ ಕಾಲರ್ ಲೂಸ್, ಲಿಂಕ್ ರಾಡಿನ ಲಾಕ್ ನಟ್ಟೂ ಲೂಸ್. ಬಲಗಡೆ ಏನೂ ಆಗಿಲ್ಲ. ಮೆಕ್ಯಾನಿಕ್ ಬೋಲ್ಟ್‌ಗಳಿಗೆಲ್ಲ ಸ್ಪ್ರಿಂಗ್ ವಾಷರ್ ಹಾಕಿ, ಸ್ಪ್ಯಾನರ್‌ಗೆ ಉದ್ದದ ಪೈಪ್ ಸಿಕ್ಕಿಸಿ ಟೈಟ್ ಮಾಡಿಕೊಟ್ಟರು. ಮತ್ತೆ ಅದೇ ಕಥೆ. ಲಾಕ್‌ಟೈಟ್ (ಥ್ರೆಡ್‌ಗೆ ಹಚ್ಚುವ ಅಂಟು) ಹಾಕಿಬಿಡಲಾ?

ಉತ್ತರ: ಹಾಕಬಹುದು, ಆದರೆ ಅದು ಕೊನೆಯ ಕೆಲಸ. ನಿಮ್ಮ ಪ್ರಶ್ನೆಯಲ್ಲೇ ದೊಡ್ಡ ಸುಳಿವು ಇದೆ: ಬಲಗಡೆ ಏನೂ ಆಗಿಲ್ಲ. ಎರಡೂ ಕಡೆ ಅದೇ ಸಾಮಾನು, ಅದೇ ಮೆಕ್ಯಾನಿಕ್, ಅದೇ ಟ್ರ್ಯಾಕ್. ಟೈಟ್ ಸಾಲದೆ ಬಿಚ್ಚಿಕೊಳ್ಳುತ್ತಿದ್ದರೆ ಬಲಗಡೆಯೂ ಬಿಚ್ಚಬೇಕಿತ್ತು ಅಲ್ವಾ? ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಭಾರ ಜಾಸ್ತಿ ಬೀಳುತ್ತದೆ, ನಿಜ. ಆದರೆ ಸರಿಯಾಗಿ ಕೂತ ನಟ್ ಅಷ್ಟಕ್ಕೇ ಸಡಿಲ ಆಗುವುದಿಲ್ಲ. ಎಡಗಡೆ ಯಾವುದೋ ಒಂದು ಭಾಗ ನಟ್ಟನ್ನು ತಿರುಗಿಸುತ್ತಿದೆ. ಅದನ್ನು ಹುಡುಕಬೇಕು.

ಮೊದಲು ಬಿಗಿ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ನಟ್ ತಿರುಗಿಸಿದಾಗ ಬೋಲ್ಟ್ ಒಂಚೂರು ಉದ್ದವಾಗುತ್ತದೆ, ರಬ್ಬರ್ ಎಳೆದ ಹಾಗೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಎಷ್ಟು ಉದ್ದ ಅಂತೀರಾ? 12 ಮಿ.ಮೀ. ದಪ್ಪದ 8.8 ಗ್ರೇಡಿನ ಬೋಲ್ಟ್, ತಲೆಯಿಂದ ನಟ್‌ವರೆಗೆ 50 ಮಿ.ಮೀ. ಇದ್ದರೆ, ಸುಮಾರು 0.1 ಮಿ.ಮೀ. ಒಂದು ಕಾಗದದ ಹಾಳೆಯ ದಪ್ಪ. ಇಡೀ ಹಿಡಿತ ನಿಂತಿರುವುದು ಅಷ್ಟರ ಮೇಲೆ.

ಈಗ ಬೋಲ್ಟ್ ಕೂರುವ ನಿಮ್ಮ ಬ್ರಾಕೆಟ್ ನೋಡಿ. ಅದರ ಮೇಲಿನ ಪೌಡರ್ ಕೋಟಿಂಗ್ ಸಾಮಾನ್ಯವಾಗಿ 0.06ರಿಂದ 0.1 ಮಿ.ಮೀ. ಇರುತ್ತದೆ. ಬೋಲ್ಟಿನ ತಲೆ ಆ ಬಣ್ಣದ ಮೇಲೆ ಕೂತಿದ್ದರೆ, ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಬಣ್ಣ ನಲುಗಿ ಹಿಡಿತದಲ್ಲಿ ದೊಡ್ಡ ಪಾಲೇ ಹೊರಟುಹೋಗುತ್ತದೆ. ನಟ್ ಒಂದು ಡಿಗ್ರಿಯೂ ತಿರುಗಿರುವುದಿಲ್ಲ, ಆದರೂ ಲೂಸ್! ಅದಕ್ಕೇ ಬೋಲ್ಟ್ ತಲೆ, ನಟ್, ವಾಷರ್ ಕೂರುವ ಜಾಗದ ಬಣ್ಣವನ್ನು ಕೆರೆದು ಬರೀ ಲೋಹ ಕಾಣುವಂತೆ ಮಾಡಿ. ಸುತ್ತಲಿನ ಬಣ್ಣ ಹಾಗೇ ಇರಲಿ. ನಮ್ಮ ಕಡೆ ಕ್ವಾರಿ ಟಿಪ್ಪರ್ ಓಡುವ ರಸ್ತೆಗಳ ದೂಳು ನಿಮಗೆ ಗೊತ್ತೇ ಇದೆ. ಅದು ಥ್ರೆಡ್ ಒಳಗೆ ಸೇರಿದರೂ ಇದೇ ತೊಂದರೆ. ನೀವು ಸ್ಪ್ಯಾನರ್‌ಗೆ ಹಾಕುವ ಬಲದಲ್ಲಿ ಸುಮಾರು ಶೇ. 90ರಷ್ಟು ಬರೀ ಉಜ್ಜಾಟಕ್ಕೇ ಹೋಗುತ್ತದೆ. ಬೋಲ್ಟ್ ಎಳೆಯಲು ಉಳಿಯುವುದು ಶೇ. 10. ಮಣ್ಣು ಸೇರಿದರೆ ಅದರಲ್ಲೂ ಪಾಲು ಹೋಯಿತು. ಕೈಗೆ ಟೈಟ್ ಅನ್ನಿಸುತ್ತದೆ, ಬೋಲ್ಟ್‌ಗೆ ಏನೂ ಆಗಿರುವುದಿಲ್ಲ. ಇನ್ನು ಪೈಪ್ ಸಿಕ್ಕಿಸಿ ಎಳೆದರೆ ಅಲ್ಯುಮಿನಿಯಂ ಕಾಲರ್‌ನ ಥ್ರೆಡ್ ಕಿತ್ತುಬರುತ್ತದೆ. ಆ ಪೈಪ್ ದಯವಿಟ್ಟು ಇನ್ನೊಮ್ಮೆ ಬೇಡ.

ಸ್ಪ್ರಿಂಗ್ ವಾಷರ್‌ಗಳನ್ನೂ ತೆಗೆಸಿಬಿಡಿ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ ಒಂದು ವಿಷಯ ತೋರಿಸಿಕೊಟ್ಟರು. ಬೋಲ್ಟ್ ಹಿಡಿದಿರುವ ಎರಡು ಭಾಗಗಳು ಅಡ್ಡಡ್ಡ ಜಾರಾಡಿದರೆ ನಟ್ ತನ್ನಷ್ಟಕ್ಕೇ ಬಿಚ್ಚಿಕೊಳ್ಳುತ್ತದೆ. ಮೇಲೆ ಕೆಳಗೆ ಎಳೆದಾಡುವುದಕ್ಕಿಂತ ಈ ಅಡ್ಡ ಜಾರಾಟ ಬಹಳ ಕೆಟ್ಟದ್ದು. ಅವರ ಹೆಸರಿನ ಪರೀಕ್ಷೆಯನ್ನು ಇವತ್ತಿಗೂ ಮಾಡುತ್ತಾರೆ. ಸ್ಪ್ರಿಂಗ್ ವಾಷರ್ ಅದರಲ್ಲಿ ನಿಲ್ಲುವುದಿಲ್ಲ. ಟೈಟ್ ಮಾಡಿದ ಕೂಡಲೇ ಅದು ಚಪ್ಪಟೆಯಾಗಿ ಮಾಮೂಲಿ ವಾಷರ್ ಆಗಿಬಿಡುತ್ತದೆ. ಬದಲಿಗೆ ಗಟ್ಟಿ ಉಕ್ಕಿನ ಚಪ್ಪಟೆ ವಾಷರ್ ಹಾಕಿಸಿ.

ಈಗ ಲಿಂಕ್ ರಾಡ್‌ಗೆ ಬರೋಣ. ಇಲ್ಲಿ ನನಗೇ ಪೆಟ್ಟು ಬಿದ್ದಿದೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಟ್ರ್ಯಾಕ್‌ನಿಂದ ವಾಪಸ್ ಬರುವಾಗ ಮುಳಬಾಗಿಲು ದಾಟಿದ ಮೇಲೆ ಹಂಪ್ ಮೇಲೆಲ್ಲ ಟಕ್ ಅನ್ನಲು ಶುರುವಾಯಿತು. ಕೋಲಾರದ ಮನೆಗೆ ಬಂದು ನೋಡಿದರೆ ಲಾಕ್ ನಟ್ ಎರಡು ಸುತ್ತು ಹಿಂದೆ ಬಂದಿತ್ತು. ಟೈಟ್ ಮಾಡಿದೆ. ಮುಂದಿನ ಸಲವೂ ಅದೇ. ಕೆ.ಜಿ.ಎಫ್‌ನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರು ಬಂದು ಕೂತರು. ನಟ್ ಕಡೆ ನೋಡಲೇ ಇಲ್ಲ. ಲಿಂಕನ್ನು ಎರಡು ಬೆರಳಲ್ಲಿ ಹಿಡಿದು ಹೊರಳಿಸಿದರು. ಒಂದು ಕಡೆಗೆ ಆರಾಮಾಗಿ ಹೊರಳಿತು. ಇನ್ನೊಂದು ಕಡೆಗೆ ಅಲ್ಲಾಡಲೇ ಇಲ್ಲ. "ನೋಡಪ್ಪಾ, ಇದರ ಎರಡು ಕಿವಿ ಸೊಟ್ಟಗೆ ನಿಂತಿವೆ" ಅಂದರು.

ವಿಷಯ ಇಷ್ಟೇ. ಅಡ್ಜಸ್ಟೇಬಲ್ ಲಿಂಕ್ ಅಂದರೆ ನಡುವೆ ಒಂದು ಕೊಳವೆ, ಎರಡು ತುದಿಗೆ ಒಳಗೆ ಗುಂಡು ಇರುವ ರಾಡ್ ಎಂಡ್ (ಅವರು ಕಿವಿ ಅಂದದ್ದು ಇದನ್ನೇ). ಆ ಗುಂಡು ಒಂದು ಮಿತಿಯವರೆಗೆ ಮಾತ್ರ ವಾಲುತ್ತದೆ. ಲಾಕ್ ನಟ್ ಟೈಟ್ ಮಾಡುವಾಗ ನಟ್ ಜೊತೆಗೆ ರಾಡ್ ಎಂಡೂ ತಿರುಗಿ ಒಂದು ಪಕ್ಕಕ್ಕೆ ವಾಲಿ ತಡೆಯುತ್ತದೆ. ನೋಡುವುದಕ್ಕೆ ಟೈಟ್. ಆದರೆ ಆಮೇಲೆ ಚಕ್ರ ಮೇಲೆ ಕೆಳಗೆ ಆದಾಗಲೆಲ್ಲ ಗುಂಡು ಆ ಮಿತಿಗೆ ಹೋಗಿ ಬಡಿಯುತ್ತದೆ. ಆ ಬಡಿತ ಕೊಳವೆಯನ್ನು ತಿರುಚುತ್ತದೆ, ತಿರುಚಿದ್ದೆಲ್ಲ ಲಾಕ್ ನಟ್ ಮೇಲೆ ಬರುತ್ತದೆ. ಒಂದು ಸೆಷನ್‌ನಲ್ಲಿ ಸಾವಿರಾರು ಸಲ! ಯಾವ ನಟ್ ತಾನೇ ತಡೆದೀತು?

ಆದ್ದರಿಂದ ಟೈಟ್ ಮಾಡುವಾಗ ಮೂರು ಸ್ಪ್ಯಾನರ್ ಬೇಕು, ಇಬ್ಬರು ಇದ್ದರೆ ಒಳ್ಳೆಯದು. ಒಂದು ರಾಡ್ ಎಂಡ್ ಹಿಡಿಯಲು, ಒಂದು ಕೊಳವೆಗೆ, ಒಂದು ನಟ್‌ಗೆ. ಎರಡೂ ಕಿವಿಗಳನ್ನು ವಾಲದ ಹಾಗೆ ನಡು ಜಾಗದಲ್ಲಿ ಹಿಡಿದು ನಟ್ ಬಿಗಿಯಿರಿ. ಆಮೇಲೆ ಲಿಂಕನ್ನು ಬೆರಳಲ್ಲಿ ಹೊರಳಿಸಿ ನೋಡಿ. ಎರಡೂ ಕಡೆಗೆ ಸಮನಾಗಿ ಹೊರಳಬೇಕು. ಇನ್ನೊಂದು ಎಚ್ಚರ: ಕೊಳವೆಯ ಒಂದು ತುದಿಯ ಥ್ರೆಡ್ ಸಾಮಾನ್ಯವಾಗಿ ಉಲ್ಟಾ ಇರುತ್ತದೆ. ಕೊಳವೆ ತಿರುಗಿಸಿದರೆ ಎರಡು ತುದಿಯೂ ಒಟ್ಟಿಗೆ ಹೊರಬರಲಿ ಅಂತ ಹಾಗೆ ಮಾಡಿರುತ್ತಾರೆ. ಆ ತುದಿಯ ನಟ್ ಬಿಗಿಯಾಗುವುದು ಎಡಕ್ಕೆ ತಿರುಗಿಸಿದಾಗ. ಗೊತ್ತಿಲ್ಲದವರು ಟೈಟ್ ಮಾಡುತ್ತೇನೆ ಅಂತ ಬಿಚ್ಚಿಟ್ಟಿರುತ್ತಾರೆ. ರಾಡ್ ಎಂಡ್ ಒಳಗೆ ಎಷ್ಟು ಹೋಗಿದೆ ಅಂತಲೂ ನೋಡಿ. ಅದರ ದಪ್ಪದ ಒಂದೂವರೆ ಪಟ್ಟು ಒಳಗಿರಲಿ. 10 ಮಿ.ಮೀ. ರಾಡ್ ಎಂಡ್ ಆದರೆ 15 ಮಿ.ಮೀ.

ಕಾಲರ್ ಕಥೆ ಬೇರೆ. ಕಾಯಿಲ್ ಸ್ಪ್ರಿಂಗ್ ಅಮುಕಿದಾಗ ಅದರ ತುದಿ ಸ್ವಲ್ಪ ತಿರುಗುತ್ತದೆ, ತಾನು ಕೂತ ಕಾಲರನ್ನೂ ತನ್ನ ಜೊತೆ ಎಳೆಯಲು ನೋಡುತ್ತದೆ. ಇದು ಎಲ್ಲ ಕಾರಿಗೂ ಇರುವುದೇ. ಆದರೆ ನಿಮಗೆ ಮುಂದಿನ ಎಡಗಡೆ ಮಾತ್ರ ತೊಂದರೆ ಅಂದಮೇಲೆ ನನಗೆ ಅನುಮಾನ ಸ್ಪ್ರಿಂಗಿನ ಮೇಲ್ತುದಿಯ ಬೇರಿಂಗ್ ಮೇಲೆ. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಚಕ್ರದ ಜೊತೆ ತಿರುಗುವ ಜೋಡಣೆ) ಇರುವ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗೂ ತಿರುಗಬೇಕು. ಮೇಲಿನ ಬೇರಿಂಗ್ ಹಿಡಿದುಕೊಂಡಿದ್ದರೆ ಸ್ಪ್ರಿಂಗ್ ತಿರುಚಿಕೊಂಡು, ಆಮೇಲೆ ಒಮ್ಮೆಲೇ ಟಂಗ್ ಅಂತ ಬಿಟ್ಟುಕೊಳ್ಳುತ್ತದೆ. ಆ ಏಟು ಕಾಲರ್ ಮೇಲೆ. ಪರೀಕ್ಷೆ ಸುಲಭ: ಕಾರು ನೆಲದ ಮೇಲೇ ಇರಲಿ. ಒಬ್ಬರು ನಿಧಾನವಾಗಿ ಸ್ಟೀರಿಂಗ್ ಪೂರ್ತಿ ಆ ಕಡೆ ಈ ಕಡೆ ತಿರುಗಿಸಲಿ. ನೀವು ಸ್ಪ್ರಿಂಗಿನ ಹೊರಮೈ ಮೇಲೆ ಅಂಗೈ ಇಡಿ, ಸುರುಳಿಗಳ ನಡುವೆ ಬೆರಳು ಬೇಡ. ಸ್ಪ್ರಿಂಗ್ ನಯವಾಗಿ ತಿರುಗಿದರೆ ಸರಿ. ತಡೆದು ತಡೆದು ಜಿಗಿದರೆ ಬೇರಿಂಗ್ ಹೋಗಿದೆ.

ಬೇರಿಂಗ್ ಸರಿ ಇದ್ದರೆ ಮುಂದಿನದು ನೋಡಿ. ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಬೇಡಿ. ಚಕ್ರ ತೂಗುತ್ತಿರುವಾಗ ಸ್ಪ್ರಿಂಗನ್ನು ಕೈಯಲ್ಲಿ ತಿರುಗಿಸಿ. ಸುಮ್ನೆ ತಿರುಗಿದರೆ, ಟ್ರ್ಯಾಕ್ ಅಂಚಿನ ಕರ್ಬ್ ಮೇಲೆ ಕಾರು ಎಗರಿದಾಗಲೆಲ್ಲ ಸ್ಪ್ರಿಂಗ್ ಲೂಸ್ ಆಗಿ ಮತ್ತೆ ಕಾಲರ್ ಮೇಲೆ ಬಡಿಯುತ್ತಿದೆ ಅಂತ ಅರ್ಥ. ಕಿಟ್ ಮಾಡಿದವರು ಹೇಳಿದಷ್ಟು ಪ್ರಿಲೋಡ್ ಕೊಡಿ, ಅಂದರೆ ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಅಮುಕಿಡಿ, ಇಲ್ಲವೇ ಅದು ಸಡಿಲವಾಗದಂತೆ ಹಿಡಿಯುವ ಸಣ್ಣ ಹೆಲ್ಪರ್ ಸ್ಪ್ರಿಂಗ್ ಹಾಕಿಸಿ. ಕಾಲರ್ ಬಿಗಿಯುವಾಗ ಮೊದಲು ಥ್ರೆಡ್‌ಗಳನ್ನು ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಆಮೇಲೆ ಎರಡು ಸಿ-ಸ್ಪ್ಯಾನರ್ (ಕೊಕ್ಕೆಯಂಥ ಸ್ಪ್ಯಾನರ್) ಬಳಸಿ, ಸ್ಪ್ರಿಂಗ್ ಕೂತ ಮೇಲಿನ ಕಾಲರ್ ಹಿಡಿದುಕೊಂಡು ಕೆಳಗಿನ ಲಾಕ್ ಕಾಲರನ್ನು ಅದಕ್ಕೆ ಒತ್ತಿ ಬಿಗಿಯಿರಿ. ಒಂದೇ ಸ್ಪ್ಯಾನರ್‌ನಲ್ಲಿ ಮಾಡಿದರೆ ಎರಡೂ ಒಟ್ಟಿಗೆ ತಿರುಗಿ, ಲಾಕೂ ಆಗುವುದಿಲ್ಲ, ಕಾರಿನ ಎತ್ತರವೂ ಬದಲಾಗುತ್ತದೆ.

ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಮಾತ್ರ ಕಾರು ತನ್ನ ಭಾರದಲ್ಲಿ ಚಕ್ರದ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿ ಕೊಡಿ. ತೂಗುತ್ತಿರುವಾಗ ಬಿಗಿದರೆ ಕೆಳಗಿಳಿಸಿದ ಕೂಡಲೇ ಬುಷ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ.

ಈಗ ಲಾಕ್‌ಟೈಟ್. ಇಷ್ಟೆಲ್ಲ ಸರಿ ಮಾಡಿದ ಮೇಲೆ ಲಿಂಕ್ ರಾಡಿನ ಲಾಕ್ ನಟ್‌ಗೆ ನೀಲಿ ಬಣ್ಣದ್ದು ಒಂದು ಹನಿ ಹಾಕಿ. ಅದನ್ನು ಮಾಮೂಲಿ ಸ್ಪ್ಯಾನರ್‌ನಲ್ಲೇ ಬಿಚ್ಚಬಹುದು. ಕೆಂಪು ಬಣ್ಣದ್ದು ಬೇಡ, ಬಿಚ್ಚಲು ಬೆಂಕಿ ಹಿಡಿಯಬೇಕಾಗುತ್ತದೆ, ಪಕ್ಕದ ಬುಷ್ ಸುಟ್ಟುಹೋಗುತ್ತದೆ. ಗಾಳಿ ಇಲ್ಲದ ಜಾಗದಲ್ಲಿ ಲೋಹಕ್ಕೆ ತಾಗಿದಾಗ ಗಟ್ಟಿಯಾಗುವ ಅಂಟು ಅದು. ಥ್ರೆಡ್‌ನಲ್ಲಿ ಗ್ರೀಸ್ ಇದ್ದರೆ ಹಿಡಿಯುವುದಿಲ್ಲ. ಬ್ರೇಕ್ ಕ್ಲೀನರ್‌ನಿಂದ ತೊಳೆದು ಒಣಗಿಸಿ ಹಾಕಿ, ಒಂದು ದಿನ ಬಿಡಿ. ಟ್ರ್ಯಾಕ್‌ಗೆ ಹೊರಡುವ ಬೆಳಗ್ಗೆ ಹಾಕಿದರೆ ಪ್ರಯೋಜನ ಇಲ್ಲ. ಎತ್ತರ ಬದಲಿಸುವ ಕಾಲರ್‌ಗೆ ಮಾತ್ರ ಹಾಕಬೇಡಿ. ನೈಲಾನ್ ಉಂಗುರದ ಲಾಕ್ ನಟ್‌ಗೆ ಅಂಟು ಬೇಕಿಲ್ಲ, ಆದರೆ ಬಿಚ್ಚಿದಾಗಲೆಲ್ಲ ಹೊಸದು ಹಾಕಿ. ಹಳೆಯದು ಕೈಯಲ್ಲೇ ತಿರುಗುತ್ತಿದ್ದರೆ ಎಸೆದುಬಿಡಿ.

ಟಾರ್ಕ್ ವ್ರೆಂಚ್ ಒಂದು ತೆಗೆದುಕೊಳ್ಳಿ. ಎಷ್ಟು ನ್ಯೂಟನ್ ಮೀಟರ್ ಅನ್ನುವುದನ್ನು ಕಾರಿನ ಮತ್ತು ಕಿಟ್‌ನ ಪುಸ್ತಕದಲ್ಲೇ ನೋಡಿ. ಬೇರೆಯವರ ಕಾರಿನ ಲೆಕ್ಕ ಬೇಡ. ಕೆಲಸ ಆದ ಮೇಲೆ ಅದರ ಸ್ಪ್ರಿಂಗನ್ನು ಕನಿಷ್ಠ ಅಳತೆಗೆ ಇಳಿಸಿ ಇಡಿ. ಅದರಿಂದ ನಟ್ ಬಿಚ್ಚಬೇಡಿ.

ಮತ್ತೆ, ಒಂದು ಬಾಟಲಿ ನೇಲ್ ಪಾಲಿಶ್. ಕೋಲಾರ ಬಸ್ ಸ್ಟ್ಯಾಂಡ್ ಹತ್ತಿರದ ಫ್ಯಾನ್ಸಿ ಸ್ಟೋರ್‌ನಿಂದ ನಾನು ಗಾಢ ಕೆಂಪು ತಂದಿಟ್ಟುಕೊಂಡಿದ್ದೇನೆ. ಬಿಗಿ ಮಾಡಿದ ಪ್ರತಿ ನಟ್‌ನಿಂದ ಬ್ರಾಕೆಟ್‌ವರೆಗೆ ಒಂದು ಸಣ್ಣ ಗೆರೆ ಎಳೆಯುತ್ತೇನೆ. ಪ್ರತಿ ಸೆಷನ್ ಆದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಸಾಕು, ಗೆರೆ ಮುರಿದಿದ್ದರೆ ನಟ್ ತಿರುಗಿದೆ. ಗೆರೆ ಸರಿ ಇದ್ದು ಪಕ್ಕದಲ್ಲಿ ಕಂದು ಬಣ್ಣದ ತುಕ್ಕಿನ ಪುಡಿಯೋ, ಉಜ್ಜಿ ಹೊಳೆಯುವ ಲೋಹವೋ ಕಂಡರೆ ನಟ್ ತಿರುಗದಿದ್ದರೂ ಒಳಗೆ ಜಾರಾಟ ನಡೆದಿದೆ. ಅಂಥ ಬೋಲ್ಟನ್ನು ಮತ್ತೆ ಬಿಗಿಯುವುದು ಬೇಡ, ಬದಲಿಸಿ. ಹೊಸದಾಗಿ ಕೂರಿಸಿದ ಮೇಲೆ ಮೊದಲ 100 ಕಿ.ಮೀ. ಒಳಗೆ ಒಮ್ಮೆ ಟಾರ್ಕ್ ನೋಡಿ, ಆಮೇಲೆ ಪ್ರತಿ ಟ್ರ್ಯಾಕ್ ದಿನದ ಕೊನೆಗೆ, ಮನೆಗೆ ಹೊರಡುವ ಮೊದಲು. ಮೂರು ಸಲವೂ ನೀವು ಆ ಸದ್ದಿನ ಜೊತೆಗೇ ಇನ್ನೂರು ಕಿ.ಮೀ.ಗೂ ಜಾಸ್ತಿ ಓಡಿಸಿದ್ದೀರಿ. ಅದನ್ನು ಓದಿ ನನಗೆ ನಿಜಕ್ಕೂ ಭಯವಾಯಿತು. ಇನ್ನು ಮೇಲೆ ಸದ್ದು ಬಂದ ಜಾಗದಲ್ಲೇ ನಿಲ್ಲಿಸಿ ನೋಡಿ.

ನಾಳೆಯೇ ಆ ಸ್ಟೀರಿಂಗ್ ಪರೀಕ್ಷೆ ಮಾಡಿ, ಸ್ಪ್ರಿಂಗ್ ಜಿಗಿಯಿತೋ ಇಲ್ಲವೋ ತಿಳಿಸಿ. ಲಿಂಕ್ ರಾಡ್ ಒಬ್ಬರೇ ಮಾಡುವುದು ಕಷ್ಟ. ಒಂದು ಭಾನುವಾರ ಕೋಲಾರಕ್ಕೆ ಬನ್ನಿ, ನನ್ನ ಹತ್ತಿರ ಮೂರು ಸ್ಪ್ಯಾನರೂ ಇವೆ.