ಸೋನಾ ಮಸೂರಿ ಎಂಬ ‘ಇತರೆ’ ಅಕ್ಕಿ

2023ರ ಜುಲೈ ಕೊನೆಯ ವಾರ. ಅಮೆರಿಕದಿಂದ ತಂಗಿಯ ಫೋನ್ ಬಂತು. ‘ಅವ್ವಾ, ಇಲ್ಲಿ ಅಕ್ಕಿ ಸಿಗವಲ್ದು. ಅಂಗಡಿ ಮುಂದ ಪಾಳಿ ಹಚ್ಯಾರ. ಮನಿಗೊಂದ ಚೀಲ ಅಂತ ಬೋರ್ಡ್ ಹಾಕ್ಯಾರ’ ಎಂದಳು. ಅವ್ವ ಆಗ ಕಾರಟಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಹಿಂದೆ ಗೋಡೆಗೆ ಒರಗಿಸಿದ ಚೀಲಗಳಿದ್ದವು. ‘ಅಕ್ಕಿಗೆ ಪಾಳಿ ಹಚ್ಚಾಕ ಅಷ್ಟು ದೂರ ಹೋಗಬೇಕಿತ್ತೇನವಾ?’ ಎಂದು ನಕ್ಕುಬಿಟ್ಟಳು.

ಕಾರಟಗಿ ಅಂದರೆ ಅಕ್ಕಿ. ತುಂಗಭದ್ರಾ ಎಡದಂಡೆ ಕಾಲುವೆ ಹಿಡಿದು ಗಂಗಾವತಿಯಿಂದ ಸಿಂಧನೂರಿನ ಕಡೆ ಹೋದರೆ ಗದ್ದೆ, ರೈಸ್ ಮಿಲ್, ಹೊಟ್ಟಿನ ಗುಡ್ಡೆ, ಮತ್ತೆ ಗದ್ದೆ. 1953ರಲ್ಲಿ ನೀರು ಬಿಟ್ಟಾಗ ಇಲ್ಲಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳೇ ಹೆಚ್ಚು ಇರಲಿ ಅಂದುಕೊಂಡಿದ್ದರು. ಆಂಧ್ರದಿಂದ ಬಂದು ‘ಕ್ಯಾಂಪ್’ ಕಟ್ಟಿಕೊಂಡವರು ಭತ್ತ ಹಾಕಿದರು, ನೋಡಿ ನಮ್ಮವರೂ ಹಾಕಿದರು. ಕಾಲುವೆಯ ತುದಿಯಲ್ಲಿರುವ ಮಾನ್ವಿ, ರಾಯಚೂರು ಕಡೆಯವರು ನೀರಿಗಾಗಿ ಇವತ್ತಿಗೂ ಜಗಳ ಆಡುತ್ತಿದ್ದಾರೆ. ಅದನ್ನು ಇನ್ನೊಂದು ದಿನ ಬರೆಯೋಣ.

ಅಂಗಡಿ ಮುಂದೆ ಪಾಳಿ ಹಚ್ಚಿಸಿದ್ದು ಒಂದು ಕಾಗದ. ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತ್ತು. ಆ ಆದೇಶದಲ್ಲಿ ಸೋನಾ ಮಸೂರಿ ಎಂಬ ಹೆಸರೇ ಇಲ್ಲ. ಇರುವುದು ಒಂದು ಸಂಖ್ಯೆ: 1006 30 90. ಜಗತ್ತಿನ ಯಾವ ಬಂದರಿಗೆ ಹೋದರೂ ಸರಕನ್ನು ಗುರುತಿಸುವುದು ಇಂಥ ಸಂಖ್ಯೆಯಿಂದಲೇ. ಮೊದಲ ಆರು ಅಂಕಿ ಎಲ್ಲ ದೇಶಗಳಿಗೂ ಒಂದೇ, ಕೊನೆಯ ಎರಡನ್ನು ಆಯಾ ದೇಶ ಸೇರಿಸಿಕೊಳ್ಳುತ್ತದೆ. 1006 ಅಂದರೆ ಅಕ್ಕಿ ಮತ್ತು ಭತ್ತ. ಮುಂದಿನ 30 ಅಂದರೆ ಮಿಲ್ಲಿನಲ್ಲಿ ಬಿಳಿ ಮಾಡಿದ್ದು. ಆಗ ಕೊನೆಯಲ್ಲಿ 20 ಇದ್ದರೆ ಬಾಸ್ಮತಿ ಎಂದಿತ್ತು. 90 ಇದ್ದರೆ ‘ಇತರೆ’. ನಮ್ಮ ಕಡೆ ಗಂಗಾವತಿ ಸೋನಾ ಎಂಬ ತಳಿಯೇ ಇದೆ. ಮದುವೆ ಮನೆಯಲ್ಲಿ ಅನ್ನ ಮುದ್ದೆಯಾದರೆ ಮಿಲ್ಲಿನ ಹೆಸರು ಹಿಡಿದು ಬೈಯುವ ಜನ ನಾವು. ಆದರೆ ಕಸ್ಟಮ್ಸ್ ಪುಸ್ತಕದಲ್ಲಿ ಇದೆಲ್ಲ ಸೇರಿ ‘ಇತರೆ’ ಆಗಿತ್ತು. ಬಾಸ್ಮತಿಗೆ ತನ್ನದೇ ಎರಡು ಅಂಕಿ ಇದ್ದದ್ದರಿಂದ ಅದು ಆರಾಮಾಗಿ ಹಡಗು ಹತ್ತಿತು.

ಅದೇ ತಿಂಗಳು ಇಲ್ಲಿ ಏನಾಗಿತ್ತು ನೆನಪಿದೆಯಲ್ವಾ? ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಸಿಗಲಿಲ್ಲ. ಕೇಂದ್ರ ತನ್ನ ಗೋದಾಮಿನ ಅಕ್ಕಿಯನ್ನು ರಾಜ್ಯಗಳಿಗೆ ಮಾರುವುದನ್ನು ಜೂನ್‌ನಲ್ಲೇ ನಿಲ್ಲಿಸಿತ್ತು. ರಾಜ್ಯ ಸರ್ಕಾರ ಕೆಜಿಗೆ 34 ರೂಪಾಯಿಯಂತೆ, 5 ಕೆಜಿಗೆ 170 ರೂಪಾಯಿಯನ್ನು ಖಾತೆಗೆ ಹಾಕಿತು. ಅಮೆರಿಕದಲ್ಲಿ ದುಡ್ಡಿದ್ದವರಿಗೆ ಅಕ್ಕಿ ಇಲ್ಲ. ಇಲ್ಲಿ ಅಕ್ಕಿ ಬೇಕಾದವರಿಗೆ ದುಡ್ಡು.

ಒಂದು ದೇಶ ಹೀಗೆ ಬಾಗಿಲು ಹಾಕಿಕೊಳ್ಳಬಹುದಾ? ಕಾನೂನು ಇದೆ. 1947ರಲ್ಲಿ ಜಿನೀವಾದಲ್ಲಿ 23 ದೇಶಗಳು ಕೂತು ಬರೆದ ಗ್ಯಾಟ್ ಎಂಬ ವ್ಯಾಪಾರ ಒಪ್ಪಂದ. ಭಾರತವೂ ಆ 23ರಲ್ಲಿ ಒಂದು. ಅದರ 11ನೇ ವಿಧಿ ಆಮದು, ರಫ್ತು ಎರಡನ್ನೂ ನಿಷೇಧಿಸಬಾರದು ಎನ್ನುತ್ತದೆ. ಹಾಗೆಂದು ಹೇಳಿ ತಕ್ಷಣ ಒಂದು ಸಂದಿಯನ್ನೂ ಬಿಡುತ್ತದೆ. ಆಹಾರದ ತೀವ್ರ ಕೊರತೆ ತಪ್ಪಿಸಲು ತಾತ್ಕಾಲಿಕವಾಗಿ ರಫ್ತು ತಡೆಯಬಹುದು. ಎಷ್ಟು ದಿನ ಅಂದರೆ ತಾತ್ಕಾಲಿಕ, ಎಷ್ಟು ಕಡಿಮೆಯಾದರೆ ತೀವ್ರ ಕೊರತೆ ಎಂಬುದಕ್ಕೆ ಅಳತೆ ಇಲ್ಲ. ರಫ್ತಿನ ಮೇಲೆ ಸುಂಕ ಹಾಕಿದರಂತೂ ಆ ವಿಧಿ ಮಾತೇ ಆಡುವುದಿಲ್ಲ. ಅದೇ ಆಗಸ್ಟ್ 25ರಂದು ಕುಚ್ಚಲಕ್ಕಿ ರಫ್ತಿನ ಮೇಲೆ ಭಾರತ 20% ಸುಂಕ ಹಾಕಿದಾಗ ಕಾನೂನಿನ ಪುಟ ಅಲುಗಾಡಲಿಲ್ಲ.

ಈ ಓರೆಗೆ ಕಾರಣವಿದೆ. ನಿಯಮ ಬರೆದವರಿಗಿದ್ದ ದೊಡ್ಡ ಚಿಂತೆ ಎಂದರೆ ತಮ್ಮ ಸರಕಿಗೆ ಯಾರಾದರೂ ಬಾಗಿಲು ಹಾಕಿದರೆ ಎಂಬುದು. ಸರಕೇ ಕೊಡುವುದಿಲ್ಲ ಎಂದು ಬಡ ದೇಶವೊಂದು ಕೂತುಬಿಟ್ಟೀತು ಎಂದು ಯಾರು ಅಂದುಕೊಂಡಿದ್ದರು?

1960ರ ದಶಕದಲ್ಲಿ ನಾವು ಕೈಚಾಚುವ ಕಡೆಯವರು. 1965-66ರ ಬರದಲ್ಲಿ ಅಮೆರಿಕದ ಗೋಧಿ ಹಡಗು ಬಂದರೆ ಊಟ. ಪಿಎಲ್-480 ಎಂಬ ಆ ಯೋಜನೆಯ ಗೋಧಿಯನ್ನು ಅಧ್ಯಕ್ಷ ಲಿಂಡನ್ ಜಾನ್ಸನ್ ಒಮ್ಮೆಗೇ ಕೊಡದೆ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರು. ಶಾಲೆಯಲ್ಲಿ ಅಮೆರಿಕದ ಹಾಲಿನ ಪುಡಿ, ಉಪ್ಪಿಟ್ಟು ತಿಂದವರು ನಮ್ಮಲ್ಲಿ ಈಗಲೂ ಇದ್ದಾರೆ. ಅದೇ ನಮ್ಮ ದೇಶ 2012ರ ಹೊತ್ತಿಗೆ ಥಾಯ್ಲೆಂಡನ್ನು ಹಿಂದಿಕ್ಕಿ ಜಗತ್ತಿನ ಅತಿ ದೊಡ್ಡ ಅಕ್ಕಿ ಮಾರಾಟಗಾರ ಆಯಿತು. 2022ರಲ್ಲಿ ಜಗತ್ತಿನ ಅಕ್ಕಿ ವ್ಯಾಪಾರದ ಸುಮಾರು 40% ಭಾರತದ್ದು. ದೆಹಲಿಯಲ್ಲಿ ಒಂದು ಸಹಿ ಬಿದ್ದರೆ ಪಶ್ಚಿಮ ಆಫ್ರಿಕಾದ ಬೆನಿನ್, ಸೆನೆಗಲ್‌ನಲ್ಲಿ ಅನ್ನದ ರೇಟು ಏರುತ್ತದೆ. ಸಿಂಗಪುರ, ಮಾರಿಷಸ್, ಭೂತಾನ್ ಕೇಳಿದಾಗ ಸರ್ಕಾರದಿಂದ ಸರ್ಕಾರಕ್ಕೆ ಎಂದು ಅಳೆದು ಕೊಟ್ಟೆವು. ಜಾನ್ಸನ್ ಗೋಧಿ ಕೊಡುತ್ತಿದ್ದ ರೀತಿ ನೆನಪಾಗದೆ ಇರಲಿಲ್ಲ.

ಸ್ಥಿತಿ ಇಷ್ಟು ಬದಲಾದರೂ ವ್ಯಾಪಾರ ಕಾನೂನಿನ ಪುಸ್ತಕದಲ್ಲಿ ಗಡಿಯಾರ ನಿಂತಿದೆ. ಎಲ್ಲಿ ನಿಂತಿದೆ ಅಂದರೆ 1986-88ರಲ್ಲಿ.

ವಿಶ್ವ ವ್ಯಾಪಾರ ಸಂಸ್ಥೆ 1995ರಲ್ಲಿ ಶುರುವಾದಾಗ ಕೃಷಿ ಒಪ್ಪಂದವೂ ಬಂತು. ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆಗೆ ಬೆಳೆ ಕೊಂಡರೆ ಅದು ಒಂದು ಬಗೆಯ ಸಬ್ಸಿಡಿ. ಭಾರತದಂಥ ದೇಶದಲ್ಲಿ ಅದು ಆ ಬೆಳೆಯ ಒಟ್ಟು ಮೌಲ್ಯದ 10% ದಾಟಬಾರದು ಎಂದಾಯಿತು. ಸಬ್ಸಿಡಿ ಎಷ್ಟೆಂದು ತಿಳಿಯುವುದು ಹೇಗೆ? ಬೆಂಬಲ ಬೆಲೆಯಿಂದ ಹೊರಗಿನ ಬೆಲೆಯನ್ನು ಕಳೆಯಿರಿ. ಸರಿ, ನ್ಯಾಯವಾಗಿಯೇ ಇದೆ ಅಲ್ವಾ? ಆದರೆ ಆ ‘ಹೊರಗಿನ ಬೆಲೆ’ ಇವತ್ತಿನದ್ದಲ್ಲ. 1986-88ರ ಸರಾಸರಿಯನ್ನೇ ಖಾಯಂ ಮಾಡಿಬಿಟ್ಟಿದ್ದಾರೆ. ಅಕ್ಕಿಗೆ ಟನ್ನಿಗೆ 262.51 ಡಾಲರ್. ಆಗ ಡಾಲರಿಗೆ 13 ರೂಪಾಯಿ ಆಸುಪಾಸು. ಅಂದರೆ ಕೆಜಿಗೆ ಸುಮಾರು ಮೂರೂವರೆ ರೂಪಾಯಿ. ಆಗ ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ.

ಪೆನ್ನು ಹಿಡಿದು ಲೆಕ್ಕ ಮಾಡಿ ನೋಡೋಣ. 2023-24ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,183 ರೂಪಾಯಿ. ನಮ್ಮಲ್ಲಿ ಯಾರೂ ಕ್ವಿಂಟಲ್ ಲೆಕ್ಕದಲ್ಲಿ ಮಾತಾಡುವುದಿಲ್ಲ, 75 ಕೆಜಿ ಚೀಲದ ಲೆಕ್ಕ. ಚೀಲಕ್ಕೆ 1,637 ಆಗುತ್ತದೆ. ಕ್ವಿಂಟಲ್ ಭತ್ತ ಮಿಲ್ಲಿಗೆ ಹಾಕಿದರೆ 67 ಕೆಜಿ ಅಕ್ಕಿ ಎಂದು ಸರ್ಕಾರಿ ಲೆಕ್ಕ. ಮಿಲ್ ಖರ್ಚು ಬಿಟ್ಟರೆ ಅಕ್ಕಿ ಕೆಜಿಗೆ 32 ರೂಪಾಯಿ 58 ಪೈಸೆ, ಟನ್ನಿಗೆ 32,580. ಡಾಲರಿಗೆ 83 ರೂಪಾಯಿ ಹಿಡಿದರೆ ಸುಮಾರು 392 ಡಾಲರ್. ಅದರಲ್ಲಿ 262 ಕಳೆಯಿರಿ. ಟನ್ನಿಗೆ 130 ಡಾಲರ್ ಸಬ್ಸಿಡಿ ಕೊಟ್ಟಿದ್ದೀರಿ ಎನ್ನುತ್ತದೆ ಪುಸ್ತಕ.

ಅದೇ 2023ರ ಆಗಸ್ಟ್‌ನಲ್ಲಿ ಥಾಯ್ಲೆಂಡ್ ಅಕ್ಕಿಯ ಬೆಲೆ ಟನ್ನಿಗೆ 600 ಡಾಲರ್ ದಾಟಿತ್ತು. ಅಂದರೆ ನಮ್ಮ ರೈತನಿಗೆ ಸರ್ಕಾರ ಖಾತ್ರಿ ಮಾಡಿದ ಬೆಲೆ ಜಗತ್ತಿನ ಮಾರುಕಟ್ಟೆಗಿಂತ 200 ಡಾಲರ್ ಕೆಳಗಿತ್ತು. ಮೇಲಾಗಿ ರಫ್ತಿನ ಬಾಗಿಲೂ ಹಾಕಿತ್ತು. ಆದರೂ ಕಾನೂನಿನ ಕಣ್ಣಿಗೆ ಅವನು ಸಬ್ಸಿಡಿ ಉಂಡವನು. ಕಾರಟಗಿಯ ಮಿಲ್ಲಿನ ಕಟ್ಟೆ ಮೇಲೆ ಕೂತು ಈ ಲೆಕ್ಕ ಹೇಳಿದರೆ ಯಾರೂ ನಂಬುವುದಿಲ್ಲ. ನಾನು ಹೇಳಿ ನೋಡಿದ್ದೇನೆ. ‘ಸುಮ್ನಿರ್ರಿ, ಮೂವತ್ತೈದು ವರ್ಷದ ಹಿಂದಿನ ರೇಟು ಯಾರ ಹಿಡಿತಾರ?’ ಎಂದರು.

2018-19ರಲ್ಲಿ ಭಾರತ ಇದೇ ಲೆಕ್ಕದಲ್ಲಿ ಸಿಕ್ಕಿಬಿತ್ತು. ಅಕ್ಕಿಯ ಒಟ್ಟು ಮೌಲ್ಯ 4,367 ಕೋಟಿ ಡಾಲರ್, ಬೆಂಬಲ 500 ಕೋಟಿ ಡಾಲರ್, 11% ದಾಟಿತು ಎಂದು ತಾನೇ ಬರೆದುಕೊಟ್ಟು, 2013ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಬಾಲಿ ಸಭೆಯಲ್ಲಿ ಗಿಟ್ಟಿಸಿದ್ದ ‘ಶಾಂತಿ ಷರತ್ತು’ ಬಳಸಿತು. ಶಾಶ್ವತ ಪರಿಹಾರ ಸಿಗುವವರೆಗೆ ಯಾರೂ ದೂರು ಕೊಡಬಾರದು ಎಂಬ ತಾತ್ಕಾಲಿಕ ಏರ್ಪಾಡು ಅದು. ಆ ಪರಿಹಾರ 2024ರ ಅಬುಧಾಬಿ ಸಭೆಯಲ್ಲೂ ಬರಲಿಲ್ಲ. 1986ರಲ್ಲಿ ಸಬ್ಸಿಡಿಯನ್ನು ಸುರಿಯುತ್ತಿದ್ದ ಅಮೆರಿಕಕ್ಕೆ ಮಾತ್ರ ಮಿತಿಯ ಮೇಲೆ ವರ್ಷಕ್ಕೆ 1,910 ಕೋಟಿ ಡಾಲರ್ ಕೊಡುವ ಹಕ್ಕು ಪ್ರತ್ಯೇಕವಾಗಿ ಉಳಿದಿದೆ. ಮೊದಲೇ ಜಾಸ್ತಿ ಬಡಿಸಿಕೊಂಡವರ ಎಲೆ ದೊಡ್ಡದಾಯಿತು. ತಡವಾಗಿ 2001ರಲ್ಲಿ ಸೇರಿದ ಚೀನಾಕ್ಕೆ ಹಿಡಿದದ್ದು 1996-98ರ ಬೆಲೆ. ಕೆಲವೊಮ್ಮೆ ಪಂಕ್ತಿಗೆ ತಡವಾಗಿ ಬಂದವರಿಗೆ ಬಿಸಿ ಅನ್ನ ಸಿಗುತ್ತದೆ.

ನಮ್ಮದೂ ಪೂರ್ತಿ ಹಾಲಿನಂಥ ಮಾತಲ್ಲ. ಅಬುಧಾಬಿಯಲ್ಲಿ ಥಾಯ್ಲೆಂಡ್ ರಾಯಭಾರಿ, ಬಡವರಿಗೆಂದು ಕೊಂಡ ಅಕ್ಕಿ ಭಾರತದಿಂದ ರಫ್ತಾಗುತ್ತಿದೆ ಎಂದರು. ಭಾರತ ಸಿಟ್ಟಾಗಿ ಅವರಿರುವ ಗುಂಪಿನಲ್ಲಿ ಕೂರುವುದಿಲ್ಲ ಎಂದಿತು, ಥಾಯ್ಲೆಂಡ್ ಅವರನ್ನು ಬದಲಾಯಿಸಿತು. ಮಾತು ಒರಟಾಗಿತ್ತು, ನಿಜ. ಆದರೆ ಜಗತ್ತಿನ ಮಾರುಕಟ್ಟೆಯ 40% ಹಿಡಿದವರನ್ನು ಉಳಿದವರು ಅನುಮಾನದಿಂದ ನೋಡದೆ ಇರುತ್ತಾರಾ? ದೊಡ್ಡವರಾದ ಮೇಲೂ ಸಭೆಯಲ್ಲಿ ಚಿಕ್ಕವರ ಸಾಲಿನಲ್ಲೇ ಕೂರುವ ಆಸೆ ನಮಗೆ.

ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ತಗಾದೆ ಬಗೆಹರಿಸುವ ಕೋರ್ಟೂ ಈಗ ಅರ್ಧ ಮುಚ್ಚಿದೆ. ಏಳು ಮಂದಿ ಇರಬೇಕಾದ ಮೇಲ್ಮನವಿ ಪೀಠಕ್ಕೆ ಅಮೆರಿಕ ನೇಮಕ ತಡೆಯುತ್ತಾ ಬಂದು, 2019ರ ಡಿಸೆಂಬರ್‌ನಲ್ಲಿ ಅದು ಕೆಲಸ ನಿಲ್ಲಿಸಿತು. ಸಕ್ಕರೆ ವಿಷಯದಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಎದುರು ಸೋತ ಭಾರತ ಆಮೇಲೆ ಮೇಲ್ಮನವಿ ಹಾಕಿದ್ದು ಈ ಖಾಲಿ ಕುರ್ಚಿಗಳ ಮುಂದೆಯೇ. ಖಾಲಿ ಕುರ್ಚಿ ಎಲ್ಲರಿಗೂ ಒಮ್ಮೊಮ್ಮೆ ಅನುಕೂಲ.

2024ರ ಸೆಪ್ಟೆಂಬರ್ 28ರಂದು ಬಿಳಿ ಅಕ್ಕಿಯ ರಫ್ತು ಮತ್ತೆ ಶುರುವಾಯಿತು. ಮರುವರ್ಷ ಆಗಸ್ಟ್ 27ರಿಂದ ಅಮೆರಿಕ ಭಾರತದ ಹೆಚ್ಚಿನ ಸರಕಿನ ಮೇಲೆ 50% ಸುಂಕ ಹಾಕಿತು. ತಂಗಿಯ ಫೋನ್ ಮತ್ತೆ ಬಂತು.

‘ಈ ಸಲ ಯಾರು ಬಂದ್ ಮಾಡ್ಯಾರವಾ, ನಮ್ಮವರೋ ನಿಮ್ಮವರೋ?’ ಅವ್ವ ಕೇಳಿದಳು.

‘ಬಂದ್ ಮಾಡಿಲ್ಲವ್ವ. ರೇಟು ಏರತೈತಂತ. ಎರಡು ಚೀಲ ಜಾಸ್ತಿ ತಂದು ಗ್ಯಾರೇಜಿನ್ಯಾಗ ಇಟ್ಟೀನಿ.’

‘ನುಸಿ ಬೀಳತಾವ, ಬೇವಿನ ಎಲಿ ಹಾಕು’ ಎಂದಳು ಅವ್ವ. ಅಲ್ಲಿ ಬೇವು ಎಲ್ಲಿ ಸಿಗಬೇಕು.