ಡಾಕ್ಸಿ ಮಾತ್ರೆ ಉಷ್ಣವಾ?

ಪ್ರಶ್ನೆ: ಇಲಿಜ್ವರ ಅಂತ ಡಾಕ್ಟ್ರು ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ. ತುಂಬಾ ಉಷ್ಣದ ಮಾತ್ರೆ, ಎದೆ ಉರಿಯುತ್ತದೆ. ಹಾಲಿನಲ್ಲಿ ತಗೊಳ್ಳಬಹುದಾ? ಇಲ್ಲ ಎರಡು ದಿನ ಬಿಡಲಾ?

ಮಳೆ ಹಿಡಿದು ನೇಜಿ ನೆಡುವ ಕೆಲಸ ಶುರುವಾಯಿತೆಂದರೆ, ಉಡುಪಿಯ ನಮ್ಮ ಮೆಡಿಕಲ್ಲಿನಲ್ಲಿ ಈ ಮಾತು ದಿನಾ ಕೇಳುತ್ತೇನೆ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ: ಅದು ಉಷ್ಣ ಅಲ್ಲ.

ಉಷ್ಣ ಆಗಿದ್ದರೆ ಮೈಯೆಲ್ಲ ಆಗಬೇಕಿತ್ತು, ಅಲ್ವಾ? ಎದೆಯ ನಡುವೆ ಒಂದೇ ಜಾಗದಲ್ಲಿ, ಅದೂ ಗಂಜಿ ನುಂಗುವಾಗ ಚುಚ್ಚಿದ ಹಾಗೆ ಯಾಕೆ ನೋಯುತ್ತದೆ? ಯಾಕೆಂದರೆ ಮಾತ್ರೆ ಅಲ್ಲೇ ಅಂಟಿಕೊಂಡು ಕೂತಿದೆ. ಡಾಕ್ಸಿ ನೀರಿನಲ್ಲಿ ಕರಗಿದರೆ ಒಳ್ಳೆ ಹುಳಿ, ಆಸಿಡ್. ಹೊಟ್ಟೆಗೆ ಅದು ಲೆಕ್ಕಕ್ಕಿಲ್ಲ, ಅಲ್ಲಿ ಮೊದಲೇ ಆಸಿಡ್ ಇದೆ. ಅನ್ನನಾಳದ ಚರ್ಮ ಮೆತ್ತಗಿನದು. ಅಲ್ಲಿ ನಿಂತು ಕರಗಿದರೆ ಸುಟ್ಟು ಹುಣ್ಣಾಗುತ್ತದೆ.

ನಂಬದವರಿಗೆ ನಾನು ಕೌಂಟರಿನಲ್ಲೇ ತೋರಿಸುತ್ತೇನೆ. ಅಂಗೈ ಒದ್ದೆ ಮಾಡಿ ಒಂದು ಕ್ಯಾಪ್ಸೂಲ್ ಇಟ್ಟುಕೊಳ್ಳಿ. ಸ್ವಲ್ಪ ಹೊತ್ತು ಬಿಟ್ಟು ಕೈ ಮಗುಚಿ. ಬೀಳುವುದಿಲ್ಲ, ಹಿಡಿದುಕೊಂಡಿರುತ್ತದೆ. ಗಂಟಲಿನ ಕೆಳಗೆ ನಡೆಯುವುದೂ ಇದೇ. ಇನ್ನು ನಮ್ಮವರು ತಗೊಳ್ಳುವ ರೀತಿ ನೋಡಿ. ರಾತ್ರಿ ಹಾಸಿಗೆಯಲ್ಲಿ ಕೂತು, ಒಂದು ಗುಟುಕು ನೀರಿನಲ್ಲಿ ನುಂಗಿ, ಹಾಗೇ ಅಡ್ಡಾಗುತ್ತಾರೆ. ಬೆಳಿಗ್ಗೆ ಎದೆ ಉರಿ. ಆಮೇಲೆ ಸೀಯಾಳ, ಕೊತ್ತಂಬರಿ ನೀರು. ತಂಪಿಗೆ ಕುಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಹುಣ್ಣಿಗೆ ಅದು ಮದ್ದಲ್ಲ.

ಊಟ ಆದ ಮೇಲೆ, ಕೂತು ಅಥವಾ ನಿಂತು, ದೊಡ್ಡ ಲೋಟ ತುಂಬಾ ನೀರಿನಲ್ಲಿ ನುಂಗಿ. ಆಮೇಲೆ ಅರ್ಧ ಗಂಟೆಯಾದರೂ ಮಲಗಬೇಡಿ. ರಾತ್ರಿಯ ಮಾತ್ರೆಯನ್ನು ಊಟದ ಹೊತ್ತಿಗೇ ಮುಗಿಸಿಬಿಡಿ. ನುಂಗುವಾಗ ಈಗಾಗಲೇ ನೋವಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ, ಬೇರೆ ಮದ್ದು ಇದೆ. ನೀವಾಗಿಯೇ ಬಿಡಬೇಡಿ. ಇಲಿಜ್ವರ ಕಿಡ್ನಿ, ಲಿವರ್ ಹಿಡಿಯುವ ಕಾಯಿಲೆ.

ಹಾಲಿನ ವಿಷಯ. ಡಾಕ್ಸಿಯ ಜಾತಿಯದೇ ಹಳೇ ಮದ್ದು ಟೆಟ್ರಾಸೈಕ್ಲಿನ್, ಹಾಲಿನ ಸುಣ್ಣದ ಅಂಶಕ್ಕೆ ಅಂಟಿಕೊಂಡು ಅರ್ಧಕ್ಕರ್ಧ ವ್ಯರ್ಥವಾಗುತ್ತಿತ್ತು. 1967ರಿಂದ ಬಳಕೆಯಲ್ಲಿರುವ ಡಾಕ್ಸಿಗೆ ಆ ತೊಂದರೆ ಕಡಿಮೆ, ಸುಮಾರು ಐದರಲ್ಲಿ ಒಂದು ಪಾಲು ಹೋಗುತ್ತದೆ. ನೀರಿನಲ್ಲೇ ತಗೊಂಡರೆ ಅದೂ ಹೋಗುವುದಿಲ್ಲ. ಜಾಸ್ತಿ ಜಾಗ್ರತೆ ಬೇಕಾದದ್ದು ಕಬ್ಬಿಣದ ಮಾತ್ರೆ ಮತ್ತು ಗ್ಯಾಸಿನ ಸಿರಪ್ಪಿನ ಬಗ್ಗೆ. ಎದೆ ಉರಿ ಅಂತ ಡಾಕ್ಸಿ ಜೊತೆಗೇ ಗ್ಯಾಸಿನ ಸಿರಪ್ ಕುಡಿದರೆ ಮದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡು ಮೂರು ಗಂಟೆ ಅಂತರ ಇರಲಿ. ಬಸುರಿಯರು ಮೊದಲೇ ಡಾಕ್ಟರಿಗೆ ಹೇಳಬೇಕು. ಮನೆಯಲ್ಲಿ ಉಳಿದ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬೇಡಿ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಗದ್ದೆಗೆ ಹೋಗುವವರು ತಲೆ, ತೋಳು ಮುಚ್ಚಿಕೊಳ್ಳಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಇಲಿಜ್ವರ ಬಾರದ ಹಾಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿ ಕೊಡುವ ಕ್ರಮ ಇದೆ. ಪನಾಮಾದ ಕಾಡಿನಲ್ಲಿ ತರಬೇತಿಗೆ ಹೋದ ಅಮೆರಿಕದ ಸೈನಿಕರಿಗೆ ಕೊಟ್ಟು ನೋಡಿದ ಫಲಿತಾಂಶ 1984ರಲ್ಲಿ ಬಂತು. ಮಾತ್ರೆ ತಗೊಂಡವರಲ್ಲಿ ಕಾಯಿಲೆ ತೀರಾ ಕಡಿಮೆ ಇತ್ತು. ಇಲ್ಲೂ ಕೆಸರಿಗೆ ಇಳಿಯುವ ಕೆಲವರಿಗೆ ಡಾಕ್ಟರು ಬರೆದುಕೊಡುತ್ತಾರೆ. ಅದನ್ನು ನೋಡಿ ಮನೆಮಂದಿಯೆಲ್ಲ ಸುಮ್ನೆ ನುಂಗುವುದಲ್ಲ. ಮಾತ್ರೆ ತಗೊಂಡೆ ಅಂತ ಕಾಲಿನ ಗಾಯ ಮುಚ್ಚದೆ ಬರಿಗಾಲಲ್ಲಿ ಇಳಿಯುವುದೂ ಅಲ್ಲ. ಹೆಸರು ಇಲಿಜ್ವರ ಆದರೂ ಇಲಿಯೊಂದೇ ಕಾರಣ ಅಲ್ಲ. ದನ, ನಾಯಿಯ ಮೂತ್ರದಲ್ಲೂ ಆ ರೋಗಾಣು ಇರಬಹುದು. ಹಟ್ಟಿ ತೊಳೆಯುವಾಗಲೂ ಗಂಬೂಟು ಹಾಕಿ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಬಂದರೆ ರಕ್ತ ಪರೀಕ್ಷೆ ಮಾಡಿಸಿ, ಗದ್ದೆಗೆ ಇಳಿದದ್ದನ್ನು ಡಾಕ್ಟರು ಕೇಳದಿದ್ದರೂ ಹೇಳಿ.