1603 ಬಂದರೆ ಲಾಗ್ ಓದುವುದು ಹೇಗೆ?

ಕಳೆದ ಭಾನುವಾರ ಚಿತ್ರದುರ್ಗದಿಂದ ಚಿಕ್ಕಪ್ಪನ ಮಗ ಲ್ಯಾಪ್‌ಟಾಪ್ ಹೊತ್ತುಕೊಂಡು ದಾವಣಗೆರೆಗೆ ಬಂದ. ಬೆಣ್ಣೆದೋಸೆ ಮುಂದೆ ಬರುವ ಮೊದಲೇ ಗೋಳು ಶುರು. "ಅಣ್ಣಾ, ಲ್ಯಾಬ್ ಸಾಫ್ಟ್‌ವೇರ್ ಹಾಕೋಕೆ ಒಂದು ಬ್ಯಾಚ್ ಫೈಲ್ ಕೊಟ್ಟಾರೆ. ನಾಲ್ಕು ಸಲ ಓಡಿಸ್ದೆ. ಬರೀ 1603 ಅಂತ ತೋರ್ಸಿ ಸುಮ್ನಾಗ್ತೈತಿ."

1603 ಅಂದರೆ ವಿಂಡೋಸ್ ಇನ್‌ಸ್ಟಾಲರ್ ಹೇಳುವುದು ಇಷ್ಟೇ: ಇನ್‌ಸ್ಟಾಲ್ ಆಗಲಿಲ್ಲ. ಯಾಕೆ ಅಂತ ಅದರಲ್ಲಿ ಇಲ್ಲ. ಆ ನಂಬರ್ ಹಿಡಿದು ಹುಡುಕಿದರೆ ನೂರು ಪರಿಹಾರ ಸಿಗುತ್ತವೆ, ತೊಂಬತ್ತೊಂಬತ್ತು ಬೇರೆಯವರ ಕಾಯಿಲೆಗೆ. ನಮ್ಮ ಕಾರಣ ಬೇಕಾದರೆ ಲಾಗ್, ಅಂದರೆ ಹೆಜ್ಜೆ ಹೆಜ್ಜೆಗೂ ಏನಾಯಿತು ಅನ್ನೋ ದಾಖಲೆ, ಬರೆಸಬೇಕು.

ಬ್ಯಾಚ್ ಫೈಲ್ ಅಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆವು. ಒಳಗಿದ್ದ ಕಮಾಂಡಿನಲ್ಲಿ /ಕ್ಯೂಎನ್ ಇತ್ತು. ಕಿಟಕಿಯೇ ತೆರೆಯದೆ ಗುಟ್ಟಾಗಿ ಕೆಲಸ ಮುಗಿಸು ಅಂತ ಅದರ ಅರ್ಥ. ಸಾಲಿನ ಕೊನೆಗೆ ಲಾಗ್ ಆಯ್ಕೆ ಸೇರಿಸಿದೆವು. ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ:

ಎಂಎಸ್‌ಐಎಕ್ಸೆಕ್ /ಐ "ಸಿ:\ಸೆಟಪ್\ಆಪ್.ಎಂಎಸ್‌ಐ" /ಕ್ಯೂಎನ್ /ಎಲ್*ವಿ "ಸಿ:\ಸೆಟಪ್\ಲಾಗ್.ಟಿಎಕ್ಸ್‌ಟಿ"

ಎಂಎಸ್‌ಐಎಕ್ಸೆಕ್ ಅಂದರೆ ವಿಂಡೋಸ್ ಇನ್‌ಸ್ಟಾಲರನ್ನು ಕರೆಯುವ ಕಮಾಂಡ್, ಎಂಎಸ್‌ಐ ಅದು ಹಾಕುವ ಪ್ಯಾಕೇಜ್ ಫೈಲ್. /ಐ ಅಂದರೆ ಇನ್‌ಸ್ಟಾಲ್ ಮಾಡು, /ಎಲ್ ಅಂದರೆ ಲಾಗ್ ಬರೆ. ನಕ್ಷತ್ರ ಹಾಕಿದರೆ ಬಹುತೇಕ ಎಲ್ಲ ಮಾಹಿತಿ ಬರುತ್ತದೆ, ಆದರೆ ವರ್ಬೋಸ್, ಅಂದರೆ ಇನ್ನೂ ಬಿಡಿಬಿಡಿಯಾದ ವಿವರ ಅದರಲ್ಲಿ ಸೇರಿಲ್ಲ. ಅದಕ್ಕೇ ಪಕ್ಕದಲ್ಲಿ ವಿ. ಎರಡೂ ಬೇಕು. ಫೋಲ್ಡರ್ ಹಾದಿ ಪೂರ್ತಿ ಕೊಡಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್ ಸಿಸ್ಟಮ್32 ಫೋಲ್ಡರಲ್ಲಿ ನಿಂತಿರುತ್ತದೆ, ಬರೀ ಫೈಲ್ ಹೆಸರು ಕೊಟ್ಟರೆ ಅಲ್ಲೇ ಹುಡುಕಿ 1619 ಎಸೆಯುತ್ತದೆ. ಲಾಗ್ ಇಡುವ ಫೋಲ್ಡರ್ ಇಲ್ಲದಿದ್ದರೆ 1622. ಇನ್ನು 1618 ಬಂದರೆ ಬೇರೊಂದು ಇನ್‌ಸ್ಟಾಲ್ ನಡೀತಾ ಇದೆ, ಅದು ಮುಗಿಯಲಿ ಬಿಡಿ.

ಲಾಗ್ ಬಂತು, ಸಾವಿರಾರು ಸಾಲು. ಹುಡುಗನ ಮುಖ ಸಪ್ಪಗಾಯಿತು. ಪೂರ್ತಿ ಓದಬೇಕಿಲ್ಲ. ನೋಟ್‌ಪ್ಯಾಡ್‌ನಲ್ಲಿ "ರಿಟರ್ನ್ ವ್ಯಾಲ್ಯೂ 3" ಅಂತ ಹುಡುಕಿ. ಪ್ರತಿ ಹಂತದ ಫಲಿತಾಂಶ ಅದು: 1 ಅಂದರೆ ಸರಿಹೋಯಿತು, 2 ಅಂದರೆ ಬಳಸುವವರೇ ನಿಲ್ಲಿಸಿದರು, 3 ಅಂದರೆ ಕೆಟ್ಟಿತು. ಮೇಲಿಂದ ಹುಡುಕುತ್ತಾ ಬಂದಾಗ ಸಿಗುವ ಮೊದಲನೇ 3 ಮುಖ್ಯ, ಆಮೇಲಿನವು ಸಾಮಾನ್ಯವಾಗಿ ಅದರ ಬಾಲ. ಅದರ ಮೇಲಿನ ಹತ್ತು ಹದಿನೈದು ಸಾಲು ಓದಿ. ನಾನು ಮೊದಲು ಜಾಣತನ ತೋರಿಸೋಕೆ ಹೋಗಿ ಫೈಲಿನೊಳಗೆ ಪದ ಹುಡುಕುವ ಫೈಂಡ್‌ಸ್ಟ್ರ್ ಕಮಾಂಡ್ ಹಾಕಿದೆ, ಏನೂ ಸಿಗಲಿಲ್ಲ. ಈ ಲಾಗ್ ಯುಟಿಎಫ್-16 ಅನ್ನೋ ಅಕ್ಷರ ಸಂಕೇತದಲ್ಲಿ ಇರುತ್ತದೆ, ಫೈಂಡ್‌ಸ್ಟ್ರ್‌ಗೆ ಅದು ಓದೋಕೆ ಬರಲ್ಲ.

ಆ 3ರ ಮೇಲೆಯೇ ಇತ್ತು: ಎರರ್ 1303, ಡಿ ಡ್ರೈವಿನ ಒಂದು ಫೋಲ್ಡರಿಗೆ ಹೋಗಲು ಇನ್‌ಸ್ಟಾಲರ್‌ಗೆ ಅನುಮತಿ ಸಾಲದು.

"ನಾನೇ ಅಡ್ಮಿನ್ ಅಲ್ವಾ ಅಣ್ಣಾ?"

ಹೌದು. ಆದರೆ ವಿಂಡೋಸ್ ಇನ್‌ಸ್ಟಾಲರ್ ಸರ್ವೀಸ್ ಓಡುವುದು ಸಿಸ್ಟಮ್ ಅನ್ನೋ ಖಾತೆಯ ಹೆಸರಲ್ಲಿ. ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ ಸೆಕ್ಯುರಿಟಿ ನೋಡಿದರೆ ಇವನದೊಂದೇ ಹೆಸರು. ರೂಮಿನ ಹುಡುಗರು ಕೈ ಹಾಕಬಾರದು ಅಂತ ಉಳಿದದ್ದನ್ನೆಲ್ಲ ತೆಗೆದುಬಿಟ್ಟಿದ್ದ, ಜೊತೆಗೆ ಸಿಸ್ಟಮ್ ಕೂಡ ಹೋಗಿತ್ತು! ಅದನ್ನು ಮತ್ತೆ ಸೇರಿಸಿ ಫುಲ್ ಕಂಟ್ರೋಲ್ ಕೊಟ್ಟೆವು.

ಫೈಲ್ ಎಂಎಸ್‌ಐ ಅಲ್ಲದೆ ಇಎಕ್ಸ್‌ಇ ಆಗಿದ್ದರೆ ಈ ಆಯ್ಕೆಗಳು ನಡೆಯಬೇಕೆಂದಿಲ್ಲ. ಅದರ ಹೆಸರು ಬರೆದ ಮೇಲೆ ಕೊನೆಗೆ /? ಹಾಕಿ ನೋಡಿ, ಎಷ್ಟೋ ಇನ್‌ಸ್ಟಾಲರ್‌ಗಳು ತಮ್ಮ ಆಯ್ಕೆಗಳನ್ನು ತಾವೇ ತೋರಿಸುತ್ತವೆ.

ಬ್ಯಾಚ್ ಫೈಲ್ ಮತ್ತೆ ಓಡಿಸಿದೆವು. ಈ ಸಲ ಕೊನೆಗೆ 3010.

"ಅಣ್ಣಾ, ಮತ್ತೆ ನಂಬರ್ ಬಂತು!"

3010 ಅಂದರೆ ಇನ್‌ಸ್ಟಾಲ್ ಆಗಿದೆ, ಒಮ್ಮೆ ರೀಸ್ಟಾರ್ಟ್ ಮಾಡಬೇಕು ಅಷ್ಟೇ. ಅದು ರೀಸ್ಟಾರ್ಟ್ ಆಗುವಷ್ಟರಲ್ಲಿ ದೋಸೆ ತಣ್ಣಗಾಗಿತ್ತು.